ಸಮುದ್ರದಾಚೆಯ ಒಕ್ಕಲು

ಎಮ್ಮೆಯ ಚಿತ್ರ ತೋರಿಸಿದೆ. ಅಜ್ಜ ಅದನ್ನು ನೋಡಿದರು, ನನ್ನನ್ನು ನೋಡಿದರು, "ಅದ ಅದ" ಎಂದರು. ಕೊಡೆಯ ಚಿತ್ರ ತೋರಿಸಿದೆ. "ಅದ ಅದ." ಬಾಳೆಹಣ್ಣು, ಬೀಗ, ಬಸ್ಸು, ಎಲ್ಲಕ್ಕೂ ಅದೇ. ಕೊನೆಗೆ ಪಕ್ಕದಲ್ಲಿ ಕುಳಿತಿದ್ದ ಅವರ ಮಗಳತ್ತ ಕೈ ಮಾಡಿ, "ಇವರು ಯಾರ್ರಿ ಅಜ್ಜಾರ?" ಎಂದೆ. ಮುಖ ಅರಳಿತು. ಬಾಯಿ ತೆರೆಯಿತು, ಕೊರಳಿನ ನರ ಉಬ್ಬಿತು. ಬಂದದ್ದು ಮತ್ತೆ "ಅದ ಅದ". ಅಂದದ್ದು ತಪ್ಪೆಂದು ಅವರಿಗೇ ತಿಳಿದು, ಎಡಗೈಯಿಂದ ಬಾಯಿ ಮುಚ್ಚಿಕೊಂಡರು.

"ನಮ್ಮಪ್ಪಗ ಎಲ್ಲಾ ತಿಳಿತೈತ್ರಿ," ಮಗಳು ಅವಸರ ಅವಸರವಾಗಿ ಹೇಳಿದಳು. "ಊಟ ಆತೇನು ಅಂದ್ರ ತಲಿ ಅಲ್ಲಾಡಸ್ತಾನ. ಮಾತ ಅಷ್ಟ ಹೊರಗ ಬರವಲ್ದು." ಸೆರಗಿನ ತುದಿ ತಿರುವುತ್ತ, "ಅಕ್ಕಾರ, ನಂಗ ಭಾಳ ಏನೂ ಬ್ಯಾಡ್ರಿ. ನನ್ನ ಹೆಸರು ಒಂದ ಅನ್ನಂಗ ಮಾಡ್ರಿ. ಲಕ್ವಾ ಹೊಡದಾಗಿಂದ ಅಂವ ನನ್ನ ಹೆಸರ ಹಿಡದು ಕರದಿಲ್ಲ" ಎಂದಳು.

"ಅನ್ನಸೂಣು ತಗೊ, ಅದೇನ್ ದೊಡ್ಡ ಮಾತು," ಎಂದುಬಿಟ್ಟೆ. ದೊಡ್ಡ ಮಾತೇ ಆಗಿತ್ತು.

ನಾನು ವಿಜಯಪುರದ ಒಂದು ಆಸ್ಪತ್ರೆಯಲ್ಲಿ ವಾಕ್ ಚಿಕಿತ್ಸಕಿ. ಮಾತು ಕಳೆದುಕೊಂಡವರಿಗೆ ಮಾತು ಹಿಂದಿರುಗಿಸುವುದು ಕೆಲಸ. ನನ್ನ ಗಂಡ, "ತಾಳ್ಮಿ ಇಲ್ಲದಾಕಿಗೆ ತಾಳ್ಮಿ ಕೆಲಸ ಕೊಟ್ಟು ದೇವರು ಭಾಳ ಚ್ಯಾಷ್ಟಿ ಮಾಡ್ಯಾನ" ಎಂದು ನಗುತ್ತಾರೆ. ಸುಳ್ಳಲ್ಲ. ರೋಗಿ ಒಂದು ಶಬ್ದಕ್ಕೆ ತಡಕಾಡುತ್ತಿದ್ದರೆ ಅದು ನನ್ನ ನಾಲಿಗೆಯ ತುದಿಯಲ್ಲಿ ಕುಣಿಯುತ್ತಿರುತ್ತದೆ. ಹೇಳಿಬಿಡಬಾರದು. ಹಲ್ಲು ಕಚ್ಚಿ ಕೂಡಬೇಕು.

ಅಜ್ಜನ ಹೆಸರು ಇಲ್ಲಿ ಬರೆಯುವುದಿಲ್ಲ, ನಮ್ಮ ವೃತ್ತಿಯಲ್ಲಿ ಅದು ಸಲ್ಲದು. ಮಗಳ ಹೆಸರು ಮಾತ್ರ ಬರೆಯುತ್ತೇನೆ, ಏಕೆಂದರೆ "ಬರೀರಿ ಅಕ್ಕಾರ, ನನ್ನ ಹೆಸರ ಸಲುವಾಗೇ ಅಲ್ಲೇನ್ ಇಷ್ಟೆಲ್ಲಾ ಆಗಿದ್ದು" ಎಂದು ಆಕೆಯೇ ಹೇಳಿದ್ದಾಳೆ. ಆಕೆ ನೀಲವ್ವ. ಜೈನಾಪುರಕ್ಕೆ ಕೊಟ್ಟಿದ್ದರು. ಆ ಬಾಳು ಹೊಂದಿಕೆಯಾಗದೆ ಟಿಕೋಟಾಕ್ಕೆ ತಂದೆಯ ಮನೆಗೆ ಹೊಳ್ಳಿ ಬಂದಿದ್ದಳು. ತಾಯಿ ತೀರಿಕೊಂಡು ಬಹಳ ವರ್ಷವಾಗಿತ್ತು. ಮನೆಯಲ್ಲಿ ತಂದೆ, ಮಗಳು, ಒಂದು ಮುದಿ ಎತ್ತು.

ಆ ಎತ್ತಿನ ಮೇಲೆ ಕುಳಿತೇ ಅಜ್ಜ ಊರೂರು ಸುತ್ತಿದವರು. ಅವರು ಹೆಳವರು. ನಮ್ಮ ಸೀಮೆಯಲ್ಲಿ ಇದನ್ನು ಬಿಡಿಸಿ ಹೇಳಬೇಕಿಲ್ಲ, ಬೇರೆ ಕಡೆಯವರಿಗಾಗಿ ಹೇಳುತ್ತೇನೆ. ಹೆಳವರು ವಂಶ ಹೇಳುವವರು. ಸುಗ್ಗಿ ಮುಗಿದ ಮೇಲೆ ಗಂಟೆ ಬಾರಿಸುತ್ತ ಬಂದು ಮನೆಯ ಮುಂದೆ ನಿಂತರೆಂದರೆ, ನಿಮ್ಮ ಮೂಲ ಪುರುಷ ಯಾರು, ಯಾವ ಊರಿಂದ ಬಂದ, ಯಾರಿಗೆ ಯಾರು ಹುಟ್ಟಿದರು, ಯಾವ ಊರ ಮಗಳನ್ನು ತಂದುಕೊಂಡರು, ಎಲ್ಲವನ್ನೂ ಒಂದು ಧಾಟಿಯಲ್ಲಿ ಹಾಡಿ ಹೇಳುತ್ತಾರೆ. ಹೊಸದಾಗಿ ಹುಟ್ಟಿದ ಕೂಸಿನ ಹೆಸರನ್ನು ಆ ಸಾಲಿಗೆ ಸೇರಿಸಿಕೊಂಡು ಹೋಗುತ್ತಾರೆ. ಅವರು ಹೇಳುವ ಮನೆತನಗಳು ಅವರ ಒಕ್ಕಲು. ಹೊನವಾಡ, ಘೋಣಸಗಿ ಕಡೆ ಅಜ್ಜನಿಗೆ ಬಹಳ ಒಕ್ಕಲಿದ್ದರು. ಅಷ್ಟು ಮನೆಗಳ ಹೆಸರು ಹೊತ್ತಿದ್ದ ಬಾಯಿ ಈಗ ಮಗಳ ಹೆಸರೊಂದಕ್ಕೆ ತಡಕಾಡುತ್ತಿತ್ತು.

ಪರೀಕ್ಷೆಗಳನ್ನು ಮಾಡಿದೆ. ಅರ್ಥ ಮಾಡಿಕೊಳ್ಳುವ ಶಕ್ತಿ ಚೆನ್ನಾಗಿತ್ತು. "ಕಿಟಕಿ ತೋರಸ್ರಿ, ಆಮ್ಯಾಲ ಬಾಗಲಾ ತೋರಸ್ರಿ" ಎಂದರೆ ತಪ್ಪದೆ ತೋರಿಸುತ್ತಿದ್ದರು. ಆಡುವುದು ಮಾತ್ರ ಇಲ್ಲ. ಬಲಗೈ, ಬಲಗಾಲು ಸೋತಿದ್ದವು. ಮೆದುಳಿನ ಎಡಭಾಗದಲ್ಲಿ ರಕ್ತ ಕಟ್ಟಿದಾಗ ಹೀಗಾಗುತ್ತದೆ, ಮಾತು ಒಳಗೆ ತಯಾರಿರುತ್ತದೆ, ದಾರಿ ಮುಚ್ಚಿರುತ್ತದೆ. ಒಂದು ವಿಚಿತ್ರವೂ ಇರುತ್ತದೆ. ಬಾಯಿಪಾಠ ಉಳಿದಿರುತ್ತದೆ. ನಾನು "ಸೋಮವಾರ" ಎಂದು ಶುರು ಮಾಡಿದರೆ ಅಜ್ಜ "ಮಂಗಳವಾರ, ಬುಧವಾರ" ಎಂದು ರವಿವಾರ ಮುಟ್ಟಿಸುತ್ತಿದ್ದರು. "ಇವತ್ತ್ ಯಾವ ವಾರ?" ಎಂದರೆ "ಅದ ಅದ".

ಮೊದಲ ಕೆಲವು ವಾರ ಚಿತ್ರದ ಕಾರ್ಡುಗಳಲ್ಲೇ ಕಳೆದವು. ನಾನು "ಎ..." ಎಂದು ಸುಳಿವು ಕೊಡುವುದು, ಅವರು ತುಟಿ ಕೂಡಿಸುವುದು, ಏನೂ ಬಾರದಿರುವುದು. ಅಂಗನವಾಡಿಯ ಮಕ್ಕಳ ಹಾಗೆ ಕಾರ್ಡು ನೋಡುತ್ತ ಕೂಡುವುದು ಅವರಿಗೆ ಅವಮಾನವಾಗುತ್ತಿತ್ತು. ತಲೆಗೆ ಪಟಕಾ ಸುತ್ತಿಕೊಂಡು, ಕೋಟು ಹಾಕಿಕೊಂಡು ಬರುತ್ತಿದ್ದ ಮನುಷ್ಯ. ಒಂದು ದಿನ ಬೆಕ್ಕಿನ ಕಾರ್ಡನ್ನು ಮೆಲ್ಲಗೆ ಬೋರಲು ಹಾಕಿ ನನ್ನ ಕಡೆಗೇ ದೂಡಿದರು. ನನಗೂ ನಗು ಬಂತು, ಅವರಿಗೂ ಬಂತು.

ಹೀಗಿರುವಾಗ ಒಂದು ಮುಂಜಾನೆ ಕೋಣೆಯ ಹೊರಗೆ ಗದ್ದಲ. ಹೊನವಾಡದ ಒಬ್ಬ ದ್ರಾಕ್ಷಿ ಬೆಳೆಗಾರರು ತಮ್ಮ ತಾಯಿಯನ್ನು ತೋರಿಸಲು ಬಂದವರು, ಬೆಂಚಿನ ಮೇಲೆ ಕುಳಿತ ಅಜ್ಜನನ್ನು ಕಂಡು, "ಅಯ್ಯ, ನಮ್ಮ ಹೆಳವಜ್ಜಾರ! ಇದೇನ್ರಿ ಯಪ್ಪಾ, ಇಲ್ಲಿ ಕುಂತೀರಿ?" ಎಂದು ಕಾಲಿಗೆ ಬಿದ್ದಿದ್ದರು. ಅಜ್ಜ ಅವರ ಮುಖವನ್ನೇ ನೋಡಿದರು. ಬೆನ್ನು ನೆಟ್ಟಗಾಯಿತು. ಬಾಯಿ ತೆರೆಯಿತು.

ಆ ಆಸ್ಪತ್ರೆಯ ಪಡಸಾಲೆಯಲ್ಲಿ ಆ ಮನೆತನದ ವಂಶ ಪೂರ್ತಿ ಹರಿದು ಬಂತು. ಮೂಲ ಪುರುಷನಿಂದ ಹಿಡಿದು, ಕೃಷ್ಣೆ ದಾಟಿ ಬಂದದ್ದು, ಅಣ್ಣತಮ್ಮಂದಿರು ಬೇರೆಯಾದದ್ದು, ಯಾವ ಯಾವ ಊರ ಹೆಣ್ಣು ತಂದದ್ದು. ಒಂದು ಹೆಸರು ತಪ್ಪಲಿಲ್ಲ, ಒಂದು ಕಡೆ ತೊದಲಲಿಲ್ಲ. ಬೆಳೆಗಾರರು ಟೊಪ್ಪಿಗೆ ತೆಗೆದು ಕೈಮುಗಿದು ನಿಂತಿದ್ದರು. ಕೈಯಲ್ಲಿ ಸಿರಿಂಜಿನ ತಟ್ಟೆ ಹಿಡಿದ ನರ್ಸ್ ಅಲ್ಲೇ ನಿಂತುಬಿಟ್ಟಿದ್ದಳು. ನೀಲವ್ವ ಗೋಡೆಗೆ ಆತು ಅಳುತ್ತಿದ್ದಳು. ನಾನಂತೂ ಗೆದ್ದೆ ಎಂದುಕೊಂಡೆ.

ಹಾಡು ಮುಗಿಯಿತು. ಓಡಿ ಹೋಗಿ ಮುಂದೆ ಕುಳಿತೆ. "ಅಜ್ಜಾರ, ಇವರ ಹೆಸರೇನ್ರಿ?" ಎಂದು ಬೆಳೆಗಾರರನ್ನು ತೋರಿಸಿದೆ. ಆಗಷ್ಟೇ ಹಾಡಿನ ಕೊನೆಯಲ್ಲಿ ಬಂದಿದ್ದ ಹೆಸರು ಅದು.

"ಅದ ಅದ."

"ಇವರ ಹೆಸರೇನ್ರಿ?" ನೀಲವ್ವನನ್ನು ತೋರಿಸಿದೆ.

"ಅದ... ಅದ..." ಎಂದವರು ಕಣ್ಣು ಕೆಳಗೆ ಹಾಕಿದರು.

ನೀಲವ್ವನಿಗೆ ಅದನ್ನು ತಿಳಿಸಿ ಹೇಳುವುದು ನನಗೆ ಬಹಳ ಕಷ್ಟವಾಯಿತು. "ಹಾಡು ಬಂದೈತಿ ತಂಗಿ, ಮಾತು ಬಂದಿಲ್ಲ. ವಾರಗಳ ಹೆಸರು ಹೇಳಿದಂಗ ಇದು. ತಾನ ತಾನ ಹರಿತೈತಿ. ನಡುವ ನಿಲ್ಲಿಸಿ ಒಂದ ಹೆಸರು ತಗಿ ಅಂದ್ರ ಆಗಂಗಿಲ್ಲ." ಆಕೆ ಕಣ್ಣೊರೆಸಿಕೊಂಡು ಕೇಳಿದಳು, "ಆ ಹಾಡಿನ್ಯಾಗ ನನ್ನ ಹೆಸರು ಇಲ್ಲಲ್ರಿ, ಅಕ್ಕಾರ. ಮತ್ತ ಹೆಂಗ ಬಂದೀತು?"

"ನೋಡೂಣು" ಎಂದೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ.

ಧಾಟಿ ಉಳಿದಿದೆಯೆಂದರೆ ಅದರ ಮೇಲೆ ಹೊಸ ಮಾತು ಹೊರಿಸಬಹುದು. ನಮ್ಮಲ್ಲಿ ಅದಕ್ಕೊಂದು ಕ್ರಮವಿದೆ. ರೋಗಿಯ ಎಡಗೈಯನ್ನು ತಾಳಕ್ಕೆ ತಟ್ಟಿಸುತ್ತ ಮೊದಲು ಬರೀ ಗುನುಗುವುದು, ಆಮೇಲೆ ಇಬ್ಬರೂ ಕೂಡಿ ಹಾಡುವುದು, ನಡುವೆ ನನ್ನ ದನಿ ಮೆಲ್ಲಗೆ ಹಿಂದೆ ಸರಿಯುವುದು, ಕೊನೆಗೆ ಪ್ರಶ್ನೆ ಕೇಳಿ ಉತ್ತರ ಪಡೆಯುವುದು. ಹೆಳವರ ಧಾಟಿಯಲ್ಲಿ "ನೀರು ಬೇಕು" ಕೂಡಿಸಿ ಹಾಡಿದೆ. ಅಜ್ಜ ತುಟಿ ಬಿಗಿ ಹಿಡಿದರು. ಮನೆಯಿಂದ ತರಿಸಿದ್ದ ಅವರ ಗಂಟೆಯನ್ನು ಎಡಗೈಗೆ ಕೊಟ್ಟೆ, ತಾಳಕ್ಕೆ ಒಳ್ಳೆಯದೆಂದು. ಕೆಳಗಿಟ್ಟರು. "ಎಡಗೈಲೆ ಗಂಟಿ ಹಿಡಿಯಂಗಿಲ್ರಿ. ಆ ಧಾಟಿನೂ ಮಂದಿ ವಂಶಕ್ಕ ಅಷ್ಟರಿ, ನೀರಿಗೆ ರೊಟ್ಟಿಗೆ ಅಲ್ಲ," ಎಂದಳು ನೀಲವ್ವ.

ಆಗ ನನಗೆ ಜಾಣತನ ಹೊಳೆಯಿತು. ವಂಶಕ್ಕೆ ಮಾತ್ರವೇ? ಸರಿ, ಹೊಸದೊಂದು ವಂಶವನ್ನೇ ಕೊಡೋಣ. ಬಾಯಿಪಾಠವಿಲ್ಲದ ವಂಶವಾದರೆ ಪ್ರತಿ ಹೆಸರನ್ನೂ ಹುಡುಕಿ ತೆಗೆಯಬೇಕಾಗುತ್ತದೆ, ಅದೇ ಚಿಕಿತ್ಸೆ. ಕುಳಿತ ಕೂಡಲೇ ಒಂದು ಮನೆತನ ಕಟ್ಟಿದೆ. ಭೀಮನಗೌಡನ ಮಗ ಸೋಮನಗೌಡ, ಸೋಮನಗೌಡನ ಮಗ ರಾಮನಗೌಡ. ಹಾಡಿ ತೋರಿಸಿದೆ. ಅಜ್ಜ ಬಹಳ ಶ್ರದ್ಧೆಯಿಂದ ಕೇಳಿದರು, ಕಿವಿ ನನ್ನ ಕಡೆ ಮಾಡಿ. ಆಮೇಲೆ ಮಗಳ ಕಡೆ ಹುಬ್ಬೇರಿಸಿದರು.

"ಯಾವ ಊರ ಮನೆತನರಿ ಇದು, ಕೇಳಾಕತ್ತಾನ," ಎಂದಳು ನೀಲವ್ವ.

"ಯಾವ ಊರದೂ ಅಲ್ಲ. ಸುಮ್ನ ನಾನ ಮಾಡೀನಿ."

ಅಜ್ಜನ ಮುಖ ಒಮ್ಮೆಲೇ ಕಪ್ಪಿಟ್ಟಿತು. ಮೇಜಿಗೆ ಎಡಗೈಯಿಂದ ಗುದ್ದಿ, ಕುರ್ಚಿಯಲ್ಲೇ ಗೋಡೆಯ ಕಡೆ ತಿರುಗಿಬಿಟ್ಟರು. ಮುಂದಿನ ವಾರ ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ.

ಫೋನು ಮಾಡಿದೆ. ನೀಲವ್ವ ದನಿ ತಗ್ಗಿಸಿ ಹೇಳಿದಳು, "ಇಲ್ಲದ ವಂಶ ಹೇಳಿದ್ರ ನಾಲಿಗಿ ಬೀಳತೈತಿ ಅಂತಾರ್ರಿ ನಮ್ಮಾಗ. ಮೊದಲ ನಾಲಿಗಿ ಬಿದ್ದೈತಿ, ಇನ್ನೇನ್ ಮಾಡಸ್ತಾರೋ ಇವರು ಅಂತ ಅಂಜ್ಯಾನ್ರಿ."

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ನನ್ನ ಜಾಣತನಕ್ಕೆ ನನಗೇ ಸಿಟ್ಟು ಬಂದು, ಆ ರವಿವಾರ ಟಿಕೋಟಾದ ಬಸ್ಸು ಹತ್ತಿದೆ.

ಅಜ್ಜ ಕಟ್ಟೆಯ ಮೇಲೆ ಕುಳಿತಿದ್ದರು. ಎತ್ತು ಬೇವಿನ ಗಿಡದ ಕೆಳಗೆ ಮಲಗಿ ಮೆಲುಕು ಹಾಕುತ್ತಿತ್ತು. "ತಪ್ಪಾತ್ರಿ ಅಜ್ಜಾರ, ತಿಳೀಲಿಲ್ಲ ನಂಗ," ಎಂದು ಅವರ ಪಾದ ಮುಟ್ಟಿದೆ. ತಲೆಯ ಮೇಲೆ ಎಡಗೈ ಇಟ್ಟರು. ಸಿಟ್ಟು ಅಷ್ಟಕ್ಕೇ ಇಳಿಯಿತು, ದೊಡ್ಡ ಮನಸ್ಸು. ಧೈರ್ಯ ಬಂದು, "ಖರೇ ವಂಶಾನೇ ತಂದೀನಿ. ನಮ್ಮ ಗಂಡನ ಮನೀದು, ಬಬಲೇಶ್ವರದ್ದು" ಎಂದೆ. ತಲೆ ಅಡ್ಡ ಆಡಿಸಿದರು.

"ಬಬಲೇಶ್ವರದ ಮನಿಗೋಳಿಗೆ ಬ್ಯಾರೆ ಹೆಳವ್ರು ಅದಾರ್ರಿ," ನೀಲವ್ವ ಚಹಾ ಕೊಡುತ್ತ ಹೇಳಿದಳು. "ಮಂದಿ ಒಕ್ಕಲಕ್ಕ ಬಾಯಿ ಹಾಕಬಾರದು. ಅದು ಕಳುವಿದ್ದಂಗ."

"ಯವ್ವಾ, ಹಂಗಾರ ಹುಟ್ಟಿಸಿ ಹೇಳಂಗಿಲ್ಲ, ಮಂದೀದು ಹೇಳಂಗಿಲ್ಲ. ಇನ್ನೆಲ್ಲಿಂದ ತರ್ಲಿ?" ಎಂದು ನಾನು ಹಣೆ ಬಡಿದುಕೊಂಡೆ. ಅಜ್ಜನಿಗೆ ನಗು ಬಂತು. ನನಗೆ ಬರಲಿಲ್ಲ.

ಹಿಂದಿರುಗುವ ಬಸ್ಸಿನಲ್ಲಿ ಅದೇ ಗುಂಗು. ಖರೇ ಇರಬೇಕು, ಯಾವ ಹೆಳವರ ಒಕ್ಕಲೂ ಆಗಿರಬಾರದು. ಅಂಥ ಮನೆತನ ಎಲ್ಲಿದೆ? ಕಿಟಕಿಯ ಹೊರಗೆ ದ್ರಾಕ್ಷಿಯ ಚಪ್ಪರಗಳು ಹಿಂದೆ ಓಡುತ್ತಿದ್ದವು. ನಮ್ಮ ಜಿಲ್ಲೆಯಲ್ಲಿಲ್ಲ, ಸರಿ. ಕರ್ನಾಟಕದಲ್ಲಿ ಸಿಕ್ಕರೂ ಯಾರಾದರೊಬ್ಬರು ಹೇಳುವವರು ಇದ್ದೇ ಇರುತ್ತಾರೆ. ಹಾಗಾದರೆ ಕನ್ನಡವೇ ಇಲ್ಲದ ಕಡೆ? ಜಗತ್ತಿನಲ್ಲಿ ಇನ್ನೆಲ್ಲೆಲ್ಲಿ ವಂಶ ಹಾಡುತ್ತಾರೆ ಎಂದು ಫೋನಿನಲ್ಲಿ ಹುಡುಕುತ್ತ ಹೋದೆ. ಪೆಸಿಫಿಕ್ ಮಹಾಸಾಗರದ ನಟ್ಟನಡುವೆ ಹವಾಯಿ ಎಂಬ ದ್ವೀಪಗಳು ಸಿಕ್ಕವು. ಅಲ್ಲಿನ ಹಳೆಯ ದೊರೆಗಳ ವಂಶವನ್ನು ಬಾಯಲ್ಲೇ ಹೊತ್ತು, ತಲೆಮಾರಿನಿಂದ ತಲೆಮಾರಿಗೆ ಹಾಡಿ ದಾಟಿಸಿದವರಿದ್ದರಂತೆ. ಹೆಸರುಗಳನ್ನು ಓದಿದೆ. ಲಿಲೋವಾ. ಉಮಿ. ಅಕಾಹಿ. ಕುಳಿತಲ್ಲೇ ಜೋರಾಗಿ "ಅಯ್ಯ ಶಿವನ!" ಎಂದೆ. ಪಕ್ಕದ ಹೆಂಗಸು ತನ್ನ ಚೀಲ ಹತ್ತಿರ ಎಳೆದುಕೊಂಡಳು.

ಆ ಹೆಸರುಗಳಲ್ಲಿ ಒಂದೂ ಒತ್ತಕ್ಷರವಿರಲಿಲ್ಲ. ಲಕ್ವಾ ಹೊಡೆದ ನಾಲಿಗೆಗೆ ಒತ್ತಕ್ಷರ ಏರು ದಾರಿ. ಲಿ, ಲೋ, ವಾ. ಉ, ಮಿ. ಎಲ್ಲವೂ ಸ್ವರದಲ್ಲಿ ಮುಗಿಯುವ ಬಿಡಿ ಬಿಡಿ ಅಕ್ಷರ, ನಮ್ಮ ಕನ್ನಡದ ಹಾಗೆ. ಹೇಳಿ ಮಾಡಿಸಿದ ಹಾಗಿತ್ತು. ಅಲ್ಲೇ ನಿಶ್ಚಯ ಮಾಡಿದೆ, ಕಾರ್ಡುಗಳನ್ನು ಕಪಾಟಿಗೆ ಸೇರಿಸುವುದು, ಈ ದೊರೆಗಳನ್ನು ಟಿಕೋಟಾಕ್ಕೆ ಕರೆತರುವುದು. ಹಿರಿಯ ಸಹೋದ್ಯೋಗಿಯೊಬ್ಬರು, "ಕೈಯಾನ ಪದ್ಧತಿ ಬಿಟ್ಟು ಹವಾಯಿಗೆ ಯಾಕ ಹೊಂಟೀರಿ?" ಎಂದರು. "ಅಜ್ಜಾರು ಅಲ್ಲಿಗಾದ್ರ ಬರತಾರ, ಅದಕ್ಕ" ಎಂದೆ.

ಈ ಸಲ ಅವಸರ ಮಾಡಲಿಲ್ಲ. ಸಿಕ್ಕದ್ದನ್ನೆಲ್ಲ ಓದಿ, ಒಂದಕ್ಕೊಂದು ತಾಳೆ ನೋಡಿ, ಖರೇ ಎಂದು ಅಲ್ಲಿನವರು ನಂಬಿ ಹಾಡುವುದನ್ನಷ್ಟೇ ಇಟ್ಟುಕೊಂಡೆ. ಮುಂದಿನ ರವಿವಾರ ಕಟ್ಟೆಯ ಮೇಲೆ ಅಜ್ಜನ ಎದುರು ಕುಳಿತು, ವಂಶಕ್ಕೆ ಮೊದಲು ಕಥೆ ಹೇಳಿದೆ.

"ಸಮುದ್ರದ ನಡಬರಕ ಒಂದು ನಡುಗಡ್ಡಿ ಐತ್ರಿ. ಅದರ ದೊರಿ ಲಿಲೋವಾ. ಒಮ್ಮಿ ಹಳ್ಳದ ದಂಡಿಗೆ ಅಕಾಹಿ ಅನ್ನೋ ಹೆಣ್ಣಮಗಳು ಕಂಡ್ಳು. ಸಾದಾ ಮಂದಿ ನಡುವ ಬೆಳದಾಕಿ. ಇಬ್ಬರಿಗೂ ಮನಸ್ಸು ಕೂಡ್ತು. ದೊರಿ ಹೋಗುವಾಗ ತನ್ನ ಕಚ್ಚಿ, ಕೊರಳಾಗಿನ ದಂತದ ಪದಕ ಆಕಿ ಕೈಯಾಗ ಕೊಟ್ಟು, ಗಂಡು ಹುಟ್ಟಿದ್ರ ಉಮಿ ಅಂತ ಹೆಸರಿಡು, ಈ ಗುರುತು ಕೊಟ್ಟು ನನ್ನ ಕಡೆ ಕಳಸು ಅಂದ."

ಅಜ್ಜ ಗೋಡೆ ಬಿಟ್ಟು ಮುಂದೆ ಬಾಗಿದರು.

"ಹುಡುಗ ಒಕ್ಕಲಿಗರ ಮನ್ಯಾಗ ಬೆಳದ. ಮನ್ಯಾಂದು ಒಯ್ದು ಹಸದವರಿಗೆ ಕೊಡ್ತಿದ್ದ, ಸಾಕಿದಪ್ಪನ ಕಡೆ ಹೊಡತ ತಿಂತಿದ್ದ. ಒಂದಿನ ಹೊಡತ ಹೆಚ್ಚಾದಾಗ ತಾಯಿ ತಡೀಲಾರದ ಗುಟ್ಟು ಒಡದ್ಲು. ಗುರುತು ಕೊಟ್ಟು ಕಳಿಸಿದ್ಲು. ದೊರಿ ಇರೋ ಜಾಗಾದ ಬೇಲಿ ದಾಟಿದವರಿಗೆ ಸಾವಿನ ಶಿಕ್ಷಾ ಅಲ್ಲಿ. ಹುಡುಗ ಬೇಲಿ ಜಿಗದು, ಕಾವಲದವರ ಕೈ ತಪ್ಪಿಸಿ ಓಡಿ ಹೋಗಿ ದೊರಿ ತೊಡೀಮ್ಯಾಲ ಕುಂತುಬಿಟ್ಟ. ದೊರಿ ಕೇಳಿದ, ಯಾರ ಮಗ ನೀನು? ನಿಮ್ಮ ಮಗ, ಉಮಿ."

ನೀಲವ್ವ ಮೊರದಲ್ಲಿ ಬೇಳೆ ಆರಿಸುತ್ತಿದ್ದವಳು ಕೈ ನಿಲ್ಲಿಸಿದ್ದಳು. "ದೊರಿ ಒಪಿಗೊಂಡನೇನ್ರಿ?"

"ಒಪಿಗೊಂಡ. ಮುಂದ ಮಲತಾಯಿ ಮಗ, ಅಣ್ಣ, ಭಾಳ ಕಾಡಿದ. ಉಮಿ ಹೆಸರು ಮುಚ್ಚಿಟ್ಟು ಊರು ಬಿಟ್ಟು ಹೊಲದಾಗ ದುಡದ. ಕಡೀಕ ನಡುಗಡ್ಡಿ ಪೂರ್ತಿ ಆತನ ಕೈಗೆ ಬಂತು. ದೊರಿ ಆದ ಮ್ಯಾಲೂ ತಾನ ಗಡ್ಡಿ ನಾಟಿ ಮಾಡ್ತಿದ್ದ, ಮೀನ ಹಿಡೀತಿದ್ದ."

ಅಜ್ಜ ಮಗಳಿಗೆ ಸನ್ನೆ ಮಾಡಿದರು. ಅವರ ಸನ್ನೆಯನ್ನು ಓದುವುದು ಆಕೆಗೆ ಮಾತ್ರ ಗೊತ್ತು. "ಖರೇ ಮನೆತನ ಏನು? ಅವರಿಗೆ ಹೆಳವ್ರು ಇಲ್ಲೇನು? ಕೇಳಾಕತ್ತಾನ."

"ಖರೇ ಅಜ್ಜಾರ. ಅವರ ಭಾಷಾದಾಗ ಹಾಡವ್ರು ಅವರಿಗೆ ಅದಾರ. ಆದ್ರ ಕನ್ನಡದಾಗ ಈ ಮನೆತನ ಯಾರ ಪಾಲಿಗೂ ಬಂದಿಲ್ಲ. ಎತ್ತು ಅಲ್ಲೀತನಾ ಈಸಂಗಿಲ್ಲ ನೋಡ್ರಿ."

ಅವರು ಎತ್ತಿನ ಕಡೆ ನೋಡಿದರು. ಆಮೇಲೆ ಎಡಗೈಯನ್ನು ತೊಡೆಯ ಮೇಲೆ ಇಟ್ಟು, ತಾವಾಗಿಯೇ ತಾಳ ತಟ್ಟಿದರು. ಒಕ್ಕಲು ಒಪ್ಪಿಗೆಯಾಯಿತು.

ಅಂದಿನಿಂದ ರವಿವಾರ ಟಿಕೋಟಾದಲ್ಲಿ, ನಡುವೆ ಒಂದು ದಿನ ಆಸ್ಪತ್ರೆಯಲ್ಲಿ ಪಾಠ. ಮೊದಲು ಬರೀ ಗುನುಗು. ಆಮೇಲೆ ಕೂಡಿ, "ಲಿಲೋವಾನ ಮಗ ಉಮಿ". "ಲಿ" ಬರಲು ನಾಲಿಗೆ ಮೇಲೇಳಬೇಕು. ಕನ್ನಡಿ ಹಿಡಿದು ತೋರಿಸಿದೆ, ಅಂಗುಳಿಗೆ ಒಂದಿಷ್ಟು ಬೆಲ್ಲ ಹಚ್ಚಿ ಅದನ್ನು ನಾಲಿಗೆಯಿಂದ ಮುಟ್ಟಿಸಿದೆ. "ಇಲಿಲೋ" ಎನ್ನುತ್ತಿದ್ದದ್ದು "ಲಿಲೋ" ಆಯಿತು. ನಾನು ದನಿ ಹಿಂದೆಳೆದರೆ ಬೀಳುತ್ತಿದ್ದರು, ಮತ್ತೆ ಹಿಡಿಯುತ್ತಿದ್ದೆ. ಒಂದು ವಾರ ಬಂದದ್ದು ಮುಂದಿನ ವಾರ ಇರುತ್ತಿರಲಿಲ್ಲ. ಸುಸ್ತಾದಾಗ "ಅದ ಅದ" ಮತ್ತೆ ನುಗ್ಗಿ ಬರುತ್ತಿತ್ತು. ನಾನು ಸಿಡುಕಿ ಎದ್ದು ಹೋಗಿ ಎತ್ತಿಗೆ ಮೇವು ಹಾಕಿ ಬರುತ್ತಿದ್ದೆ. ಆ ಎತ್ತು ಆ ದಿನಗಳಲ್ಲಿ ಚೆನ್ನಾಗಿ ಮೈ ಹಿಡಿಯಿತು.

ಒಂದು ರವಿವಾರ ನನ್ನ ದನಿ ಪೂರ್ತಿ ಸರಿದ ಮೇಲೂ ಅಜ್ಜ "ಲಿಲೋವಾನ ಮಗ ಉಮಿ" ಎಂದು ಒಬ್ಬರೇ ಮುಟ್ಟಿಸಿದರು. ಹಿಗ್ಗಿ ಹೀರೇಕಾಯಾಗಿ, ಮುಂದಿನ ಸಾಲು ಎತ್ತಿಕೊಂಡೆ, "ಉಮಿಯ ಮಗ..."

ಅವರು ಹಿಂಬಾಲಿಸಲಿಲ್ಲ. ತಾಳ ನಿಂತಿತು. ಮತ್ತೆ ಎತ್ತಿಕೊಂಡೆ. ಎಡಗೈ ಎತ್ತಿ ನನ್ನನ್ನು ತಡೆದರು. ಹುಬ್ಬು ಗಂಟಾಗಿತ್ತು, ನನ್ನ ಮೇಲೆ ರೇಗಿದ ಹಾಗಿತ್ತು. ಮತ್ತೇನು ಅಪಚಾರ ಮಾಡಿದೆನೋ ಎಂದು ನಾನು ಹಾಡು ನಿಲ್ಲಿಸಿದೆ. ಅಜ್ಜನ ತುಟಿ ಅಲುಗಿತು. ನಾಲಿಗೆ ಹಲ್ಲಿಗೆ ತಾಗಿ, ಹಿಂದೆ ಸರಿದು, ಮತ್ತೆ ತಾಗಿತು.

"ತಾ... ತಾಯಿ?"

ನಾನೂ ನೀಲವ್ವನೂ ಮುಖ ಮುಖ ನೋಡಿಕೊಂಡೆವು.

"ತಾಯಿ?" ಅಜ್ಜ ಮತ್ತೆ ಕೇಳಿದರು, ದನಿ ಏರಿಸಿ.

ಲಕ್ವಾ ಹೊಡೆದ ಮೇಲೆ ಅವರ ಬಾಯಿಂದ ಬಂದ ಮೊದಲ ಸ್ವಂತ ಮಾತು ಅದು. ಹಾಡಲ್ಲ, ಬಾಯಿಪಾಠವಲ್ಲ, ನಾನು ಹೇಳಿಕೊಟ್ಟದ್ದೂ ಅಲ್ಲ. ಪ್ರಶ್ನೆ! ಕಥೆಯಲ್ಲಿ ಅಷ್ಟೆಲ್ಲ ಹೇಳಿದ ಅಕಾಹಿಯನ್ನು ಸಾಲು ಕಟ್ಟುವಾಗ ನಾನು ಬಿಟ್ಟುಬಿಟ್ಟಿದ್ದೆ. ಯಾವ ತಾಯಿಯ ಮಗ ಎನ್ನದೆ ಹೆಳವ ಮುಂದೆ ಹೋಗುವುದು ಹೇಗೆ? "ಅಕಾಹಿ, ಅಜ್ಜಾರ, ಅಕಾಹಿ!" ಎಂದೆ. ನನ್ನ ಕಣ್ಣಿಂದ ನೀರು ಸುರಿಯುತ್ತಿತ್ತು. ಅಜ್ಜ ಅದರ ಕಡೆ ಲಕ್ಷ್ಯವನ್ನೇ ಕೊಡಲಿಲ್ಲ. "ಅಕಾಹಿ... ಲಿಲೋವಾ... ಮಗ ಉಮಿ" ಎಂದು ಸಾಲು ಸರಿ ಮಾಡಿ, ಈಗ ಮುಂದೆ ನಡೆ ಎಂಬಂತೆ ಗದ್ದ ಎತ್ತಿದರು.

ಆ ಮೇಲೆ ಮಾತು ಹನಿ ಹನಿಯಾಗಿ ಬಂತು. "ನೀರು" ಬಂತು. "ಸಾಕು" ಬಂತು. ಎತ್ತನ್ನು ನೋಡಿ "ಮೇವು" ಬಂತು. ನನ್ನನ್ನು ನೋಡಿ "ಅಕ್ಕಾರು" ಬಂತು. ನೀಲವ್ವನನ್ನು ಏನೆಂದೂ ಕರೆಯಲಿಲ್ಲ. ಬೇಕಾದಾಗ ಕಟ್ಟೆ ಬಡಿಯುತ್ತಿದ್ದರು. ಆಕೆ ಬರುತ್ತಿದ್ದಳು. "ಎತ್ತಿನ ಪಾಳಿ ಮೊದಲ ಬಂತ್ರಿ, ನನ್ನ ಪಾಳಿ ಇನ್ನೂ ಬಂದಿಲ್ಲ" ಎಂದು ನಗುತ್ತಿದ್ದಳು. ಆ ನಗು ನೋಡಲಾಗುತ್ತಿರಲಿಲ್ಲ.

ಉಮಿಯ ವಂಶ ಕೆಳಗೆ ಇಳಿಯುತ್ತ ಇಳಿಯುತ್ತ, ಕೆಲವು ತಲೆಮಾರು ದಾಟಿ, ಒಬ್ಬ ಮಗಳ ಹತ್ತಿರ ಬಂತು. ಅಜ್ಜ ಧಾಟಿಯ ರೂಢಿಯಂತೆ "ಕೊಟ್ಟರು" ಎಂದು ಮುಗಿಸಿ, "ಎಲ್ಲಿ?" ಎಂದು ಕೇಳಿದರು. ಹೆಳವರ ಸಾಲಿನಲ್ಲಿ ಹೆಣ್ಣುಮಗಳಿಗೆ ಅಷ್ಟೇ ಜಾಗ. ಇಂಥ ಊರಿಗೆ ಕೊಟ್ಟರು ಎಂದರೆ ಆ ಕವಲು ಅಲ್ಲಿಗೆ ಮುಗಿಯಿತು, ಮುಂದಿನದು ಗಂಡನ ಮನೆಯ ವಂಶದಲ್ಲಿ.

"ಎಲ್ಲೂ ಕೊಡಲಿಲ್ಲ ಅಜ್ಜಾರ. ಆಕಿನ ನಾಡು ಆಳಿದ್ಲು. ಆಕಿ ಹಿಂದ ಆಕಿ ಮಗಳು ಆಳಿದ್ಲು. ವಂಶ ಆಕೀ ಮ್ಯಾಲೇ ನಡದೈತಿ."

"ಮಗಳು?"

"ಹೌದ್ರಿ. ಮಗಳು."

"ಕೊಡ... ಲಿಲ್ಲ?"

"ಕೊಡಲಿಲ್ಲ."

ಅವರು ಕೈ ತೊಡೆಯಿಂದ ತೆಗೆದರು. ಅಂದು ಮುಂದೆ ಹಾಡಲಿಲ್ಲ. ಅಂಗಳದಲ್ಲಿ ನೀಲವ್ವ ಎತ್ತಿನ ಕೊಳಗಕ್ಕೆ ನೀರು ಹೊತ್ತು ಹಾಕುತ್ತಿದ್ದಳು. ಅವಳನ್ನೇ ನೋಡುತ್ತ ಕುಳಿತರು. ಮುಂದಿನ ಪಾಠಕ್ಕೂ ಬಾಯಿ ಬಿಡಲಿಲ್ಲ. ಹೆಣ್ಣಿನ ಮೇಲೆ ವಂಶ ನಡೆದದ್ದು ಒಗ್ಗಲಿಲ್ಲವೇನೋ, ಕಟ್ಟಿದ್ದೆಲ್ಲ ಕುಸಿಯಿತೇನೋ ಎಂದು ನಾನು ವಾರವಿಡೀ ಚಡಪಡಿಸಿದೆ. ಆ ಸಾಲನ್ನೇ ಬಿಟ್ಟು ಬೇರೆ ಕವಲು ಹಿಡಿಯಲೇ ಎಂದೂ ಯೋಚಿಸಿದೆ. ಆದರೆ ಖರೇ ವಂಶ ಎಂದು ಮಾತು ಕೊಟ್ಟಿದ್ದೆ. ಬಿಡಲಿಲ್ಲ.

ಅದರ ಮುಂದಿನ ರವಿವಾರ ಹೋದಾಗ ನೀಲವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು. "ಕುಂಡ್ರರಿ ಅಕ್ಕಾರ, ಹಿಟ್ಟಿನ ಕೈ ಐತಿ, ನಾಕ ರೊಟ್ಟಿ ಬಡದು ಬರ್ತೀನಿ" ಎಂದು ಅಲ್ಲಿಂದಲೇ ಕೂಗಿದಳು. ಅಜ್ಜ ಪಟಕಾ ಸುತ್ತಿಕೊಂಡು, ಕೋಟು ತೊಟ್ಟು ಕುಳಿತಿದ್ದರು. ಆಸ್ಪತ್ರೆಗಲ್ಲದೆ ಮನೆಯಲ್ಲಿ ಹಾಗೆ ಕುಳಿತದ್ದನ್ನು ನಾನು ನೋಡಿರಲಿಲ್ಲ. ಗೂಟಕ್ಕೆ ತೂಗುಹಾಕಿದ್ದ ಗಂಟೆಯ ಕಡೆ ಕೈ ತೋರಿಸಿದರು. ಇಳಿಸಿ ಕೊಟ್ಟೆ.

ಎಡಗೈಯಲ್ಲಿ ಹಿಡಿದರು.

ಬಾರಿಸಿ, ಶುರು ಮಾಡಿದರು. ಸಮುದ್ರದಾಚೆಯ ದೊರೆಯದಲ್ಲ. ನಾನು ಹಿಂದೆಂದೂ ಕೇಳದ ಸಾಲು, ನಿಧಾನ, ಎಡವುತ್ತ, ಪ್ರತಿ ಹೆಸರನ್ನೂ ಹುಡುಕಿ ತೆಗೆಯುತ್ತ. ಮುತ್ತಜ್ಜನ ಹೆಸರು ಬಂತು, ಅವನು ಯಾವ ಊರಿಂದ ಎತ್ತು ಹೊಡೆದುಕೊಂಡು ಬಂದ ಎಂಬುದು ಬಂತು. ಆಮೇಲೆ ಅಜ್ಜ, ಅಜ್ಜಿ. ಅಪ್ಪ, ಅವ್ವ. ಆಗ ತಿಳಿಯಿತು, ಇದು ಅವರದೇ ಮನೆ. ಊರ ವಂಶವನ್ನೆಲ್ಲ ಹೇಳುವ ಹೆಳವನ ವಂಶವನ್ನು ಯಾರು ಹೇಳುತ್ತಾರೆ? ಈ ಹಾಡು ಬಾಯಿಪಾಠದಲ್ಲಿ ಎಂದೂ ಇರಲಿಲ್ಲ. ಅಲ್ಲೇ, ಆ ಕಟ್ಟೆಯ ಮೇಲೆ, ಹುಟ್ಟುತ್ತಿತ್ತು. ನಾನು ತಾಳ ತಟ್ಟಲಿಲ್ಲ, ದನಿ ಕೂಡಿಸಲಿಲ್ಲ. ಹಲ್ಲು ಕಚ್ಚಿ ಕುಳಿತೆ.

ತಮ್ಮ ಹೆಸರು ಹೇಳಿದರು. ಘೋಣಸಗಿಯ ಮಗಳು ಎಂದು ಹೆಂಡತಿಯ ಹೆಸರು ಹೇಳಿದರು, ಅಲ್ಲಿ ಗಂಟೆ ಬಾರಿಸಿ ದಾಟಿದರು.

"ಅವರ ಮಗಳು... ಜೈನಾಪುರಕ್ಕ... ಕೊಟ್ಟರು."

ಗಂಟೆ ನಿಂತಿತು. ಒಳಗೆ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಧಾಟಿಯ ಪ್ರಕಾರ ಸಾಲು ಮುಗಿದಿತ್ತು. ಅಜ್ಜ ಬಾಗಿಲ ಕಡೆ ಮುಖ ಮಾಡಿದರು.

"ಬಂದ್ಳು," ಎಂದರು. ಅದು ಧಾಟಿಯಲ್ಲಿರಲಿಲ್ಲ. ಬರೀ ಮಾತು. "ಹೊಳ್ಳಿ... ಬಂದ್ಳು. ನನ್ನ ಮನಿ... ಆಕಿದು." ಉಸಿರು ಎಳೆದುಕೊಂಡರು. ನಾಲಿಗೆ ಮೇಲೆದ್ದದ್ದು ನನಗೆ ಕಾಣಿಸಿತು.

"ನೀಲವ್ವ."

"ಓ, ಬಂದ್ನೆಪಾ," ಎಂದಿತು ಒಳಗಿನ ದನಿ, ದಿನಾ ಕರೆಸಿಕೊಳ್ಳುವವರ ಹಾಗೆ. ರೊಟ್ಟಿಯ ಮೇಲೆ ಇನ್ನೊಂದು ಏಟು ಬಿತ್ತು. ಆಮೇಲೆ ಬಡಿಯುವ ಸದ್ದು ನಿಂತಿತು.